ತೊಂಬತ್ತೆರಡು ಪರ್ಸೆಂಟಿನ ಲಿನಕ್ಸು

ವಿಜ್ಞಾನದ ಮೇಷ್ಟ್ರಾದವನಿಗೆ ಗೋಡೆಯ ಕ್ಯಾಲೆಂಡರನ್ನು ನೆಮ್ಮದಿಯಾಗಿ ನೋಡುವ ಭಾಗ್ಯವಿಲ್ಲ. ಗ್ಯಾಸ್ ಸಿಲಿಂಡರ್ ಬಂದ ತಾರೀಖು ನೋಡಿದರೂ ರಾಹುಕಾಲ ನೋಡುತ್ತಿದ್ದಾನೆಂದು ಜನ ಅನುಮಾನಪಡುತ್ತಾರೆ. ತೂಬಗೆರೆಯ ಹೈಸ್ಕೂಲಿನಲ್ಲಿ ಗ್ರಹಣದ ಹೊತ್ತಿಗೆ ಸರಿಯಾಗಿ ಮಕ್ಕಳಿಗೆ ಬಿಸ್ಕತ್ತು ತಿನ್ನಿಸಿ ಮೂಢನಂಬಿಕೆ ಓಡಿಸುವವನು ನಾನು. ಆದರೆ ನಿಮ್ಮ ಹತ್ತಿರ ಮುಚ್ಚುಮರೆ ಏಕೆ? ನಾನು ನೋಡುವುದು ರಾಹುಕಾಲವನ್ನೇ. ನಂಬಿಕೆಯೇನಿಲ್ಲ, ಸುಮ್ಮನೆ ಯಾಕೆ ರಿಸ್ಕು ಅಂತ.

ನಮ್ಮ ಮನೆಯ ಕಂಪ್ಯೂಟರನ್ನು ಆನ್ ಮಾಡಿ ಸ್ನಾನ ಮುಗಿಸಿ ಬಂದರೂ ಅದು ಇನ್ನೂ ಆಕಳಿಸುತ್ತಲೇ ಇರುತ್ತಿತ್ತು. ಅದರಲ್ಲೇ ನನ್ನ ಹೆಂಡತಿ ಸುಧಾ ದೊಡ್ಡಬಳ್ಳಾಪುರದ ಮಗ್ಗಗಳಿಗೆ ಸೀರೆಯಂಚಿನ ಡಿಸೈನು ಬರೆಯುತ್ತಾಳೆ. ಈ ಸಲದ್ದು ಅವಳ ಅಕ್ಕನ ಮಗಳ ಧಾರೆ ಸೀರೆ. ಎರಡು ತಿಂಗಳು ಕೂತು ಬರೆದ ಆ ಅಂಚು ಸೋಮವಾರ ಬೆಳಿಗ್ಗೆ ಮಗ್ಗದವರ ಕೈ ಸೇರಬೇಕು. ತಪ್ಪಿದರೆ ಮಗ್ಗ ಬೇರೆಯವರ ಪಾಲು. ಸರಿಯಾಗಿ ಅದರ ಹಿಂದಿನ ದಿನ, ಭಾನುವಾರ, ನನಗೆ ಲಿನಕ್ಸ್ ಹಾಕುವ ಹುಮ್ಮಸ್ಸು ಬಂತು. ನಮ್ಮ ಗಣಿತದ ಮೇಷ್ಟ್ರು ನಜೀರ್ ಸಾಹೇಬರು ವಿಂಡೋಸ್ ಬದಲು ಅದನ್ನು ಹಾಕಿದರೆ ಮುದಿ ಕಂಪ್ಯೂಟರೂ ಓಡುತ್ತದೆಂದು ಸ್ಟಾಫ್ ರೂಮಿನಲ್ಲಿ ಅದರ ಗುಣಗಾನ ಮಾಡಿದ್ದರು. ಡಿಸ್ಕಿನಲ್ಲಿ ಸುಧಾಳ ಡಿಸೈನುಗಳಿದ್ದ ಭಾಗವನ್ನು ಮುಟ್ಟದೆ ಉಳಿದ ಜಾಗಕ್ಕೆ ಹಾಕುವುದೆಂದು ತೀರ್ಮಾನಿಸಿದೆ. ಮನೆಯಲ್ಲಿದ್ದ ಒಂದೇ ಪೆನ್‌ಡ್ರೈವಿನಲ್ಲಿ ಅವಳು ಇಟ್ಟುಕೊಂಡಿದ್ದ ನಕಲುಗಳನ್ನು ಅಳಿಸಿ ಲಿನಕ್ಸ್ ತುಂಬಿದೆ. ಅವಳಿಗೆ ಹೇಳುವಷ್ಟು ದೊಡ್ಡ ವಿಷಯವೆನಿಸಲಿಲ್ಲ.

ನಾಲ್ಕಕ್ಕೆ ಶುರುವಾದದ್ದು ನಾಲ್ಕೂ ಇಪ್ಪತ್ತೆಂಟಕ್ಕೆ ತೊಂಬತ್ತೆರಡು ಪರ್ಸೆಂಟಿನಲ್ಲಿ ಕೂತುಬಿಟ್ಟಿತು. ಭಾನುವಾರದ ರಾಹುಕಾಲ ಶುರುವಾಗುವುದು ನಾಲ್ಕೂವರೆಗೆ. ಹೊಸ ಲಿನಕ್ಸು ಮೊದಲ ಸಲ ಕಣ್ಣು ಬಿಡುವುದು ರಾಹುಕಾಲದಲ್ಲೇ ಆಗಬೇಕೆ? ನೂರಕ್ಕೆ ಮೂವತ್ತೈದು ಬಂದರೆ ಪಾಸು ಮಾಡುವ ಮೇಷ್ಟ್ರಿಗೆ ತೊಂಬತ್ತೆರಡು ಡಿಸ್ಟಿಂಕ್ಷನ್ನೇ ಸರಿ. ಪೆನ್‌ಡ್ರೈವ್ ಕಿತ್ತು, ಬಟನ್ ಅದುಮಿ, ಮತ್ತೆ ಆನ್ ಮಾಡಿದೆ. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳು ದಬದಬ ಸುರಿದು, ಕೊನೆಗೆ ‘ಕರ್ನಲ್ ಪ್ಯಾನಿಕ್’ ಎಂದು ನಿಂತವು. ಯಂತ್ರಕ್ಕೇ ಗಾಬರಿಯಾದರೆ ನನ್ನ ಪಾಡೇನು?

“ಏನ್ರೀ ಇದು? ನನ್ನ ಅಂಚು ಎಲ್ಲಿ?” ಸುಧಾ ಸೌಟು ಹಿಡಿದೇ ಬಂದಳು. ಪೆನ್‌ಡ್ರೈವಿನ ಕತೆ ಹೇಳಿದೆ. ಅವಳು ಬೈಯಲಿಲ್ಲ, ಕುರ್ಚಿಯ ಮೇಲೆ ಕೂತುಬಿಟ್ಟಳು. ಬೈದಿದ್ದರೇ ವಾಸಿಯಿತ್ತು.

ನಜೀರ್ ಸಾಹೇಬರಿಗೆ ಫೋನು ಮಾಡಿ, ಸ್ಪೀಕರ್ ಹಾಕಿ, ಯಂತ್ರದ ಗಾಬರಿಯನ್ನೂ ಸುಧಾಳ ಡಿಸೈನಿನ ಗತಿಯನ್ನೂ ಹೇಳಿದೆ.

“ಪೂರ್ತಿ ಇನ್‌ಸ್ಟಾಲ್ ಆಗಿತ್ತಾ ಸಾರ್?”

“ಹೆಚ್ಚೂ ಕಡಿಮೆ ಆಗಿತ್ತು.”

“ಹೆಚ್ಚಾ, ಕಡಿಮೇನಾ?”

“ತೊಂಬತ್ತೆರಡು. ಆಮೇಲೆ ಕರೆಂಟ್ ಹೋಗ್ಬಿಡ್ತು.”

“ಎಲ್ರೀ ಹೋಗಿತ್ತು? ನಾನು ಮಿಕ್ಸಿ ಹಾಕ್ತಿದ್ನಲ್ಲ!” ಎಂದಳು ಸುಧಾ.

“ಹೋಗ್ಲಿ ಬಿಡಿ ಸಾರ್, ಮೊದಲಿಂದ ಹಾಕೋಣ. ಅಮ್ಮಾವ್ರ ಭಾಗ ಮುಟ್ಟಿಲ್ಲ ಅಂದ್ರೆ ಡಿಸೈನ್ ಇರ್ಬೇಕು. ಈಗ್ಲೇ ಶುರು ಮಾಡಿ.”

“ಆರು ಗಂಟೆ ಮೇಲೆ ಮಾಡೋಣ್ವಾ?” ಎಂದೆ.

“ಯಾಕ್ ಸಾರ್?”

ಸುಧಾ ಕ್ಯಾಲೆಂಡರನ್ನು ನೋಡಿದಳು, ನನ್ನನ್ನು ನೋಡಿದಳು. “ರಾಹುಕಾಲ ಸಾರ್ ಇವರಿಗೆ!” ಎಂದಳು. ಆ ಕಡೆಯಿಂದ ಬಂದ ನಗು ಫೋನಿನೊಳಗೆ ಹಿಡಿಸುವಂತಿರಲಿಲ್ಲ.

ಪೆನ್‌ಡ್ರೈವನ್ನು ಅವಳೇ ಚುಚ್ಚಿದಳು. ಸಾಹೇಬರು ಹೇಳಿದಂತೆ ಒತ್ತುತ್ತಾ ಹೋದಳು. ನನ್ನ ಕೈಯನ್ನು ಹತ್ತಿರ ಬಿಡಲಿಲ್ಲ. ತೊಂಬತ್ತೆರಡರಲ್ಲಿ ಈ ಸಲವೂ ನಿಂತಿತು. ನಿಲ್ಲಲಿ ಎಂದು ಬಿಟ್ಟಳು. ಐದು ನಿಮಿಷದ ಮೇಲೆ ಅದೇ ಮುಂದಕ್ಕೆ ಹೋಯಿತು. ತುಂಬಿದ ರಾಹುಕಾಲದಲ್ಲಿ ಲಿನಕ್ಸು ತಣ್ಣಗೆ ಎದ್ದಿತು. ರಾಗಿ ತೆನೆಗಳು ಸಾಲಾಗಿ ಬಾಗಿದ ಅವಳ ಅಂಚು ಒಂದು ಎಳೆಯೂ ಕೆಡದೆ ಪರದೆಯ ಮೇಲೆ ತೆರೆದುಕೊಂಡಿತು. ನನಗೆ ಕಣ್ಣೀರೇ ಬಂತು.

“ಬೆಳಿಗ್ಗೆ ಎಂಟರ ಬಸ್ಸಿಗೆ ಹೋಗಿ ಕೊಟ್ಬರ್ತೀನಿ” ಎಂದಳು.

“ಒಂಬತ್ತರ ಮೇಲೆ ಹೋಗೇ. ಎಂಟರದ್ದು ತುಂಬಾ ರಶ್ಶು” ಎಂದೆ.

ಸುಧಾ ಗೋಡೆಯ ಹತ್ತಿರ ಹೋಗಿ, “ಸೋಮವಾರ, ಏಳೂವರೆಯಿಂದ ಒಂಬತ್ತು” ಎಂದು ಗಟ್ಟಿಯಾಗಿ ಓದಿದಳು.

ಎಂಟರ ಬಸ್ಸಿಗೇ ಹೋದಳು. ಮಗ್ಗ ತಲುಪಿದೆನೆಂದು ಅವಳ ಫೋನು ಬರುವ ತನಕ ನಾನು ಬೀದಿಬಾಗಿಲಲ್ಲೇ ನಿಂತಿದ್ದೆ. ಪಕ್ಕದ ಮನೆಯವರು ಯಾಕೆಂದು ಕೇಳಿದ್ದಕ್ಕೆ, ಎಳೆಬಿಸಿಲಿನಲ್ಲಿ ವಿಟಮಿನ್ ಡಿ ಸಿಗುತ್ತದೆ ಎಂದು ವೈಜ್ಞಾನಿಕವಾಗಿ ವಿವರಿಸಿದೆ.