ಬೆಳ್ಳಿ ನಾಲಗೆಯ ಹರಕೆ

ನಮ್ಮ ದೊಡ್ಡತ್ತೆ ಯಾರನ್ನಾದರೂ ಹೊಗಳಿದರು ಎಂದರೆ, ಹೊಗಳಿಸಿಕೊಂಡವರು ಆವತ್ತು ನೆಮ್ಮದಿಯಾಗಿ ಊಟ ಮಾಡುತ್ತಿರಲಿಲ್ಲ. ಬೈದರೆ ಪರವಾಗಿಲ್ಲ, ಒಂದು ತುತ್ತು ಹೆಚ್ಚಿಗೇ ಉಂಡು ಮಲಗಬಹುದು. ಹೊಗಳಿಕೆಗೆ ಮಾತ್ರ ನಮ್ಮೂರಿನಲ್ಲಿ ದೊಡ್ಡ ಮೀಸೆಯ ಗಂಡಸರೂ ಹೆದರುತ್ತಿದ್ದರು.

ದೊಡ್ಡತ್ತೆ ಎಂದರೆ ನನ್ನ ಮಾವನವರ ಅಕ್ಕ, ನಮ್ಮ ಯಜಮಾನರಿಗೆ ಸೋದರತ್ತೆ. ಸಣ್ಣ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ಪಿರಿಯಾಪಟ್ಟಣದ ಹತ್ತಿರ ಇರುವ ನಮ್ಮೂರಿಗೆ, ಅಂದರೆ ತಮ್ಮ ತವರಿಗೆ ವಾಪಸು ಬಂದವರು. ಬಂದ ದಿನವೇ ತಮ್ಮನಿಗೆ ಹೇಳಿದರಂತೆ: "ನಿನ್ನ ಮನೇಲಿ ಕೂತ್ಕೊಂಡು ಉಣ್ಣಲ್ಲ ಕಣ್ಲಾ. ಕೂತು ಉಣ್ಣೋಳು ಬಾಯಿ ಮುಚ್ಕೊಂಡಿರ್ಬೇಕು. ಅದು ನನ್ನ ಕೈಲಾಗಲ್ಲ." ಹಾಗೆಂದು ಬೀದಿಯ ಕೊನೆಯಲ್ಲಿ ಒಂದು ಪುಟ್ಟ ಮನೆ ಕಟ್ಟಿಸಿಕೊಂಡು, ಒಂದು ಹಸು ಸಾಕಿಕೊಂಡು, ತಮ್ಮ ಒಲೆ ತಾವೇ ಹಚ್ಚಿಕೊಂಡು ಬದುಕಿದರು. ಹಬ್ಬಕ್ಕೆ ನಮ್ಮ ಮನೆಗೆ ಊಟಕ್ಕೆ ಬಂದರೂ ಕೈಯಲ್ಲಿ ಹಾಲೋ ಮೊಸರೋ ಇರಲೇಬೇಕು. ಹಾಲು ಚೊಂಬಿನಲ್ಲಿ, ಮೊಸರು ಮಾತಿನಲ್ಲಿ. ಆ ಮೊಸರು ಹುಳಿ.

ಹೊಗೆಸೊಪ್ಪಿನ ಹರಾಜಿನಲ್ಲಿ ಕೊಳ್ಳುವವರು ಸೊಪ್ಪನ್ನು ಎತ್ತಿ ನೋಡಿ, ಮೂಸಿ, ಒಂದೇ ಮಾತು ಹೇಳಿ ಮುಂದಕ್ಕೆ ಹೋಗುತ್ತಾರಂತಲ್ಲ, ವರ್ಷವಿಡೀ ದುಡಿದವನ ಮುಖ ಆ ಒಂದು ಮಾತಿಗೆ ಅರಳುತ್ತದೆ, ಇಲ್ಲವೇ ಬಾಡುತ್ತದೆ. ದೊಡ್ಡತ್ತೆ ಮನುಷ್ಯರನ್ನೇ ಹಾಗೆ ನೋಡುತ್ತಿದ್ದರು.

ಗಾವಡಗೆರೆಯಿಂದ ಸೊಸೆಯಾಗಿ ಬಂದ ಹೊಸತರಲ್ಲಿ ನನಗೆ ಇದೊಂದೂ ಗೊತ್ತಿರಲಿಲ್ಲ. ನಮ್ಮಮ್ಮನ ಮನೆಯಲ್ಲಿ ಬಿಳಿ ಎಂದರೆ ಬಿಳಿ, ಕರಿ ಎಂದರೆ ಕರಿ. ಮೊದಲನೇ ಹಬ್ಬಕ್ಕೆ ಮುದ್ದೆ ಮಾಡಿದೆ. ಎಷ್ಟು ಜನರಿಗೆ ಮಾಡಬೇಕೋ ಎಂದು ಗಾಬರಿಯಾಗಿ ಮುದ್ದೆ ತುಂಬ ಗಂಟು ಬಿತ್ತು. ದೊಡ್ಡತ್ತೆ ಒಂದು ತುತ್ತು ಮುರಿದು, ಬೆರಳಲ್ಲಿ ಒತ್ತಿ ನೋಡಿ, "ಗಾವಡಗೆರೆ ಕಡೆ ಮುದ್ದೆ ಒಳಗೆ ಗೋಡಂಬಿ ಇಟ್ಟು ಕಟ್ತಾರಾ? ಒಳ್ಳೆ ಮರ್ಯಾದಸ್ಥರು ಬುಡು" ಅಂದರು.

ನಾನು ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, "ಇಲ್ಲ ದೊಡ್ಡತ್ತೆ, ನಮ್ಮ ಕಡೆ ಗೋಡಂಬಿ ಹಾಕಲ್ಲ, ಬರೀ ರಾಗಿ ಹಿಟ್ಟೇ" ಅಂದೆ.

ಪಂಕ್ತಿಯಲ್ಲಿ ಕೂತಿದ್ದ ಮಾವನವರಿಗೆ ನಗು ತಡೆಯಲಾರದೆ ಸಾರು ನೆತ್ತಿಗೇರಿತು. ದೊಡ್ಡತ್ತೆ ಮಾತ್ರ ನನ್ನನ್ನೇ ಒಂದು ಗಳಿಗೆ ನೋಡಿದರು. ಕತ್ತಿ ಬೀಸಿದರೆ ಎದುರಿಗಿದ್ದವಳು ಹೂವಿನ ಹಾರ ಎಂದು ಕತ್ತು ಚಾಚಿದಂತಾಗಿತ್ತು ಅವರಿಗೆ. ಆಮೇಲೆ ನಮ್ಮ ಯಜಮಾನರು ಕೋಣೆಯಲ್ಲಿ ಕೂರಿಸಿಕೊಂಡು ಪಾಠ ಹೇಳಿದರು. "ನೋಡು, ಅತ್ತೆ 'ಬಾಳ ಚೆನ್ನಾಗದೆ' ಅಂದ್ರೆ ಹಸೂಗೆ ಹಾಕು. 'ಇದನ್ನ ಯಾವಳು ಮಾಡಿದ್ದು' ಅಂತ ಇನ್ನೊಂದು ಸಲ ಹಾಕಿಸ್ಕೊಂಡ್ರೆ ನೀನು ಗೆದ್ದಂಗೆ."

ಅದೇನು ಒಂದು ದಿನಕ್ಕೆ ಬರುವ ವಿದ್ಯೆಯೇ? ಎಷ್ಟೋ ವರ್ಷ ನಾನು ಅವರ ಮಾತನ್ನು ತಿರುವಿ ಹಾಕಿ ಅರ್ಥ ಮಾಡಿಕೊಂಡೆ, ರೊಟ್ಟಿ ತಿರುವಿ ಹಾಕಿದ ಹಾಗೆ. ಸಂಜೆ ದೀಪ ಹಚ್ಚುವಾಗ ಆ ದಿನದ ಒಳ್ಳೆಯದನ್ನೆಲ್ಲ ನೆನೆಸಿಕೊಳ್ಳುವುದು ನನ್ನ ಅಭ್ಯಾಸ. ಹಾಲು ಉಕ್ಕಲಿಲ್ಲ, ಸಿಲಿಂಡರು ಮುಗಿಯಲಿಲ್ಲ, ಹುಣಸೂರಿನ ಬಸ್ಸಿನಲ್ಲಿ ಸೀಟು ಸಿಕ್ಕಿತು. ಅದರ ಕೊನೆಯಲ್ಲಿ ಇದೂ ಸೇರಿಕೊಂಡಿತು: ದೊಡ್ಡತ್ತೆ ಇವತ್ತು ಹೊಗಳಲಿಲ್ಲ, ನಿನ್ನ ದಯೆ ತಾಯಿ.

ಈ ಕೊಂಕು ಮಾತು ಎನ್ನುವುದು ವಿಚಿತ್ರ ವಸ್ತು. ಅದು ತಾಗುವುದು ಅರ್ಥವಾದವರಿಗೆ ಮಾತ್ರ. ಒಂದು ಸಲ ಪಂಚಾಯ್ತಿ ಎಲೆಕ್ಷನ್ನಿಗೆ ನಿಂತವರೊಬ್ಬರು ಕೈ ಮುಗಿದುಕೊಂಡು ಬಂದರು. ಗೆದ್ದು ಐದು ವರ್ಷ ಈ ಬೀದಿಗೆ ತಲೆ ಹಾಕದವರು. ದೊಡ್ಡತ್ತೆ ಜಗಲಿಯಿಂದ ಎದ್ದು ನಿಂತು, "ಬಾರಪ್ಪ ಬಾ. ನೀನು ಬಂದು ವಾಪಸ್ ಹೊಂಟೋದ್ರೆ ಎಂಗೆ ಅಂತ ಐದು ವರ್ಷದಿಂದ ಬಾಗ್ಲು ತೆಗೆದೇ ಮಡಗಿವ್ನಿ. ಸೊಳ್ಳೆ ಎಲ್ಲ ಒಳಿಕ್ಕೆ ಬಂದ್ವು, ನೀನೇ ಬರ್ನಿಲ್ಲ" ಅಂದರು. ಆ ಪುಣ್ಯಾತ್ಮ ಕಣ್ಣಲ್ಲಿ ನೀರು ತುಂಬಿಕೊಂಡು ಅವರ ಕಾಲಿಗೆ ಬಿದ್ದು, "ಇಂಥ ತಾಯಂದಿರು ಇರೋತನಕ ನಂಗೇನು ಭಯ" ಎಂದು ಹಿಂಬಾಲಕರಿಗೆ ಹೇಳಿದರು. ಅವರು ಹೋದಮೇಲೆ ದೊಡ್ಡತ್ತೆ ಸೋತವರಂತೆ ಕೂತುಬಿಟ್ಟರು. "ಇವನೂ ನಿಮ್ಮ ಗಾವಡಗೆರೆಯೋನೇ ಏನಮ್ಮಿ?" ಎಂದು ನನ್ನನ್ನು ಕೇಳಿದರು.

ನನ್ನನ್ನು ಅವರು ಕರೆಯುತ್ತಿದ್ದುದೇ ಹಾಗೆ, "ಅಮ್ಮಿ" ಎಂದು.

ಅರ್ಥವಾದವರಿಗೆ ತಾಗುತ್ತದೆ ಅಂದೆನಲ್ಲ, ತಾಗಿದ್ದನ್ನೂ ಹೇಳಬೇಕು. ಒಂದು ವರ್ಷ ನಮ್ಮಪ್ಪ ನನ್ನನ್ನು ನೋಡಲು ಬಂದರು. ಆ ವರ್ಷ ಅವರ ಕೈಯಲ್ಲಿ ಕಾಸಿರಲಿಲ್ಲ. ಸಣ್ಣದೊಂದು ಚೀಲದಲ್ಲಿ ಹೆಸರುಕಾಳು, ಒಂದು ಚಿಪ್ಪು ಬಾಳೆಹಣ್ಣು ತಂದಿದ್ದರು. ದೊಡ್ಡತ್ತೆ ಬಾಗಿಲಲ್ಲೇ ಇದ್ದರು. "ಇಷ್ಟೊಂದು ಹೊತ್ಕೊಂಡು ಹತ್ತುವಾಗ ಬಸ್ಸು ಒಂದು ಮಗ್ಗುಲಿಗೆ ವಾಲ್ನಿಲ್ವಾ ಬೀಗ್ರೇ?" ಅಂದರು, ಎಲ್ಲರಿಗೂ ಅನ್ನುವ ಹಾಗೆಯೇ. ಅಪ್ಪ ಕೈಯಲ್ಲಿದ್ದ ಚೀಲವನ್ನು ಒಮ್ಮೆ ನೋಡಿಕೊಂಡರು. ನೀರು ಕುಡಿದು, ಕೊನೆ ಬಸ್ಸು ತಪ್ಪುತ್ತದೆ ಎಂದು ನೆಪ ಹೇಳಿ, ಊಟ ಮಾಡದೆ ಹೊರಟುಹೋದರು. ಕೊನೆ ಬಸ್ಸಿಗೆ ಇನ್ನೂ ಬೇಕಾದಷ್ಟು ಹೊತ್ತಿತ್ತು.

ನಾನು ಬಡಿಸಿಟ್ಟ ತಟ್ಟೆಯನ್ನು ಹಾಗೇ ಬಿಟ್ಟು ನಮ್ಮೂರ ಮಾರಮ್ಮನ ಗುಡಿಗೆ ಹೋದೆ. ಕಣ್ಣು ನೋವಾದರೆ ಬೆಳ್ಳಿ ಕಣ್ಣು, ಕಾಲು ನೋವಾದರೆ ಬೆಳ್ಳಿ ಕಾಲು ಒಪ್ಪಿಸುವುದು ನಮ್ಮ ಕಡೆಯ ಪದ್ಧತಿ. ನಾನು ಕೈ ಮುಗಿದು, "ತಾಯೀ, ಆ ನಾಲಗೆಗೆ ಒಂದು ಚೂರು ಬೆಲ್ಲ ಸವರು. ಬೆಳ್ಳಿ ನಾಲಗೆ ಮಾಡಿಸಿ ಒಪ್ಪಿಸ್ತೀನಿ" ಎಂದು ಹರಕೆ ಹೊತ್ತೆ.

ಮಾರಮ್ಮ ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ದೊಡ್ಡತ್ತೆ ಇದ್ದ ಹಾಗೇ ಇದ್ದರು. ಆದರೆ ಮುಂದಿನ ಸಲ ಅಪ್ಪ ಬಂದಾಗ ಅವರಿಗೆ ತಾವೇ ನಿಂತು ಬಡಿಸಿದರು. ಊಟ ಮುಗಿಯುವತನಕ ಒಂದೇ ಒಂದು ಮಾತಾಡಲಿಲ್ಲ. ದೊಡ್ಡತ್ತೆಗೆ ಅದೆಷ್ಟು ಕಷ್ಟವಾಗಿರಬೇಕು ಎಂದು ನನಗೆ ಈಗ ಅನ್ನಿಸುತ್ತದೆ.

ಆಮೇಲೊಂದು ದಿನ ಕೆ.ಆರ್. ನಗರದಲ್ಲಿ ನೆಂಟರ ಮನೆಯ ನಾಮಕರಣ. ನನಗೆ ಆಗಿನ್ನೂ ಮಕ್ಕಳಾಗಿರಲಿಲ್ಲ. ಒಬ್ಬ ದೊಡ್ಡ ಜರಿ ಸೀರೆಯ ಹೆಂಗಸು ಎಲ್ಲರ ಮುಂದೆ, "ನಿನ್ನ ಕಡೆಯಿಂದ ಇನ್ನೂ ಏನೂ ವಿಶೇಷ ಇಲ್ವಾ?" ಎಂದು ಕೇಳಿದರು. ನಾನು ನೆಲ ನೋಡಿದೆ. ಪಕ್ಕದಲ್ಲಿದ್ದ ದೊಡ್ಡತ್ತೆ ಬಾಯಲ್ಲಿದ್ದ ಎಲೆ ಅಡಿಕೆಯನ್ನು ನಿಧಾನವಾಗಿ ಒಂದು ದವಡೆಯಿಂದ ಇನ್ನೊಂದಕ್ಕೆ ದಾಟಿಸಿ, "ವಿಶೇಷ ಎಲ್ಲ ನಿಮ್ಮನೇಲೇ ಖರ್ಚಾಗೋಯ್ತಲ್ಲವ್ವ. ಮೂರು ಜನ ಗಂಡುಮಕ್ಳಂತೆ, ಬಾಳ ಸಂತೋಷ. ಈ ತಿಂಗಳು ಯಾರ ಮನೇಲಿ ನಿನ್ನ ಸರದಿ?" ಅಂದರು. ಜರಿ ಸೀರೆ ಎದ್ದು ಆಚೆ ಪಂಕ್ತಿಗೆ ಹೋಯಿತು.

ಬರುವಾಗ ಬಸ್ಸಿನಲ್ಲಿ ನನಗೆ ಅಳು ತಡೆಯಲಾಗಲಿಲ್ಲ. ದೊಡ್ಡತ್ತೆ ಕಿಟಕಿಯಾಚೆ ನೋಡುತ್ತಲೇ ಅಂದರು: "ಅತ್ತು ಸೆರಗು ಒದ್ದೆ ಮಾಡ್ಕಬೇಡ ಕಣಮ್ಮಿ. ಒಗೆಯಕ್ಕೆ ನಲ್ಲೀಲಿ ನೀರಿಲ್ಲ."

ಅವರಿಂದ ಸಮಾಧಾನದ ಮಾತು ಎಂದು ನಾನು ಕೇಳಿದ್ದು ಅದೊಂದೇ. ದೇವರು ಕಣ್ಣುಬಿಟ್ಟು ನನಗೆ ಮಗಳು ಹುಟ್ಟಿದಾಗ ಬಂದು, "ಮೂಗು ನೋಡು, ನಮ್ಮ ಹಸೂಗೇ ಇದಕ್ಕಿಂತ ನೆಟ್ಟಗದೆ" ಅಂದರು. ಹಾಗೆ ಅಂದವರು ಕತ್ತಲಾಗುವ ತನಕ ಮಗುವನ್ನು ಯಾರ ಕೈಗೂ ಕೊಡಲಿಲ್ಲ. ಅಷ್ಟು ಹೊತ್ತಿಗೆ ನಾನೂ ಮಾತು ತಿರುವಿ ಹಾಕುವುದರಲ್ಲಿ ಪಳಗಿದ್ದೆ. ಹರಕೆ ಮರೆತೇಹೋಯಿತು.

ಹೋದ ವರ್ಷ ಕಾರ್ತಿಕದಲ್ಲಿ ದೊಡ್ಡತ್ತೆ ಕೊಟ್ಟಿಗೆಯಲ್ಲಿ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡರು. ಮೈಸೂರಿನಲ್ಲಿ ಆಪರೇಷನ್ ಆಯಿತು. ಮಾವನವರು ಅಷ್ಟು ಹೊತ್ತಿಗೆ ತೀರಿಹೋಗಿದ್ದರು. ನಮ್ಮ ಯಜಮಾನರು ಒಂದು ಮಾತೂ ಕೇಳದೆ ಅವರನ್ನು ನೇರ ನಮ್ಮ ಮನೆಗೇ ಕರೆತಂದು ನಡುಮನೆಯಲ್ಲಿ ಮಂಚ ಹಾಕಿದರು. ಹಸುವನ್ನೂ ನಮ್ಮ ಕೊಟ್ಟಿಗೆಗೆ ಹೊಡೆದುಕೊಂಡು ಬಂದೆವು.

ಮೊದಲನೇ ದಿನ ತಟ್ಟೆ ಕೊಟ್ಟೆ. ದೊಡ್ಡತ್ತೆ ಉಂಡು, "ಬಾಳ ಚೆನ್ನಾಗಿತ್ತು ಕಣೆ ತಾಯಿ" ಅಂದರು.

ನಾನು ಅಭ್ಯಾಸಬಲದಿಂದ ಒಳಗೆ ಓಡಿ ಸಾರು ರುಚಿ ನೋಡಿದೆ. ಸರಿಯಾಗಿಯೇ ಇತ್ತು. ಮಾರನೇ ದಿನ, "ನಿಂಗೆ ಎಷ್ಟು ತೊಂದ್ರೆ ಕೊಟ್ಟೆ ತಾಯಿ" ಅಂದರು. "ಅಮ್ಮಿ" ಇಲ್ಲ. ಬರೀ "ತಾಯಿ". ನೋಡಲು ಬಂದ ಎದುರುಮನೆಯವಳು ಮಗ ಹೊಸ ಬೈಕು ತಗೊಂಡ ಅಂದಳು. "ದೇವ್ರು ಚೆನ್ನಾಗಿ ಮಡಗಿರ್ಲಿ ಕಣವ್ವ" ಅಂದರು ದೊಡ್ಡತ್ತೆ. ಅವಳು ಆ ಮಾತಿನ ಒಳಗೆ ಏನಿರಬಹುದು ಎಂದು ತಲೆಕೆಡಿಸಿಕೊಂಡು, ಬೆಳಗಾಗುವುದರಲ್ಲಿ ಬೈಕಿಗೆ ನಿಂಬೆಹಣ್ಣು ಕಟ್ಟಿಸಿದ್ದಳು.

ನನಗೆ ಹೆದರಿಕೆ ಶುರುವಾಯಿತು. ಪರೀಕ್ಷೆ ಮಾಡೋಣ ಎಂದು ಒಂದು ದಿನ ಅವರ ಪಾಲಿನ ಸಾರಿಗೆ ಬೇಕೆಂದೇ ಒಂದು ಹಿಡಿ ಉಪ್ಪು ಹಾಕಿದೆ. ದೇವರು ಕ್ಷಮಿಸಲಿ. ಒಂದು ತುತ್ತು ಬಾಯಿಗಿಟ್ಟರು. ಹುಬ್ಬು ಒಂದಿಷ್ಟು ಮೇಲಕ್ಕೆ ಹೋಯಿತು. ಬರುತ್ತೆ, ಈಗ ಬರುತ್ತೆ ಎಂದು ನಾನು ಉಸಿರು ಬಿಗಿಹಿಡಿದು ನಿಂತೆ. ಹುಬ್ಬು ಕೆಳಗಿಳಿಯಿತು. "ಹದವಾಗದೆ" ಅಂದರು. ನಾನು ತಟ್ಟೆ ಕಿತ್ತುಕೊಂಡು ಒಳಗೆ ಹೋಗಿ ಒಲೆಯ ಮುಂದೆ ಕೂತು ಅತ್ತುಬಿಟ್ಟೆ.

ಆಗ ಹರಕೆ ನೆನಪಾಯಿತು. ಮಾರಮ್ಮ ಇಷ್ಟು ವರ್ಷ ಆದಮೇಲೆ ನನ್ನ ಅರ್ಜಿ ತೆಗೆದು ನೋಡಿದ್ದಾಳೆ! ನಾಲಗೆಗೆ ಬೆಲ್ಲ ಸವರಿದ್ದಾಳೆ. ಈಗ ಬೆಳ್ಳಿ ಒಪ್ಪಿಸದಿದ್ದರೆ ತಾಯಿಗೆ ಕೋಪ. ಒಪ್ಪಿಸಿದರೆ ಆ ಬೆಲ್ಲ ಅಲ್ಲೇ ಗಟ್ಟಿಯಾಗಿ ಕೂತುಬಿಟ್ಟರೆ? ಇಂಥ ಇಕ್ಕಟ್ಟು ಯಾವ ಭಕ್ತೆಗಾದರೂ ಬಂದಿದೆಯೇ?

ಕೊಟ್ಟ ಮಾತು ಕೊಟ್ಟಿದ್ದೇ ಎಂದು ಪಿರಿಯಾಪಟ್ಟಣಕ್ಕೆ ಹೋದೆ. ಬೆಳ್ಳಿ ಅಂಗಡಿಯವರು, "ಕಣ್ಣದೆ, ಕೈಯದೆ, ಕಾಲದೆ, ತೊಟ್ಲದೆ. ನಾಲ್ಗೆ ಯಾರೂ ಕೇಳಿಲ್ಲ ಕಣ್ರಮ್ಮ. ಮಗೂಗೆ ಮಾತು ಬಂದಿಲ್ವಾ?" ಅಂದರು.

"ಮಗು ಅಲ್ಲ, ವಯಸ್ಸಾದವರು."

"ಓ, ಮಾತು ನಿಂತೋಯ್ತಾ?"

"ಇಲ್ಲ, ಒಳ್ಳೇ ಮಾತು ಆಡ್ತಾವ್ರೆ."

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಮತ್ತೆ ಹರಕೆ ಯಾಕಮ್ಮ?"

"ಅದಕ್ಕೇ" ಅಂದೆ.

ಅವರು ಮತ್ತೆ ಕನ್ನಡಕ ಏರಿಸಿಕೊಂಡು ಬೆಳ್ಳಿಯ ತಗಡು ಕತ್ತರಿಸಲು ಕೂತರು. ಒಳಗಿನಿಂದ ಅವರ ಹೆಂಡತಿಯ ದನಿ ಬಂತು: "ಅಂಗೇ ಇನ್ನೊಂದು ಮಾಡಿ ಮಡಗಿ. ನಿಮಗೂ ಬೇಕಾಯ್ತದೆ."

ಗುಡಿಯಲ್ಲಿ ಪೂಜಾರಪ್ಪ ಅದನ್ನು ವೀಳ್ಯದೆಲೆ ಎಂದುಕೊಂಡು ತಾಯಿಯ ಪಾದದ ಹತ್ತಿರ ಇಟ್ಟರು. ನಾನು ತಿದ್ದಲಿಲ್ಲ. ತಾಯಿಗೆ ಗೊತ್ತಿರುತ್ತದಲ್ಲ. "ಹರಕೆ ತಗೋ ತಾಯೀ, ಕೊಟ್ಟ ವರ ವಾಪಸ್ ತಗೋ. ನಾನು ಆವತ್ತು ಸಿಟ್ಟಲ್ಲಿ ಕೇಳಿದ್ದು. ನಮ್ಮ ದೊಡ್ಡತ್ತೇನ ನಮಗೆ ಕೊಡು" ಎಂದು ಬೇಡಿಕೊಂಡೆ.

ಮನೆಗೆ ಬಂದು ಪ್ರಸಾದ ಕೊಟ್ಟೆ. ದೊಡ್ಡತ್ತೆ ಎರಡು ಕೈಯಲ್ಲೂ ತೆಗೆದುಕೊಂಡು, "ನಿನ್ನ ಋಣ ಯಾವ ಜನ್ಮದಲ್ಲಿ ತೀರಿಸ್ಲಿ ತಾಯಿ" ಅಂದರು.

"ಯಾಕೆ ದೊಡ್ಡತ್ತೆ ಹಿಂಗೆ ಮಾತಾಡ್ತೀರಿ?" ಎಂದು ಕೇಳಿಯೇಬಿಟ್ಟೆ.

ಅವರು ಕಾಲಿನ ಮೇಲಿದ್ದ ಹೊದಿಕೆಯನ್ನು ಸರಿಮಾಡಿಕೊಂಡರು. "ಕೂತ್ಕೊಂಡು ಉಣ್ಣೋಳು ಇನ್ನೆಂಗೆ ಮಾತಾಡ್ಬೇಕು? ನೀನೇ ಹೇಳು."

ಆ ಮಾತಿನಲ್ಲಿ ಕೊಂಕಿರಲಿಲ್ಲ. ತಿರುವಿ ಹಾಕಲು ಏನೂ ಇರಲಿಲ್ಲ. ಮಾರಮ್ಮ ಏನೂ ಮಾಡಿರಲಿಲ್ಲ, ಪಾಪ. ತವರಿಗೆ ಬಂದ ದಿನ ತಮ್ಮನಿಗೆ ಹೇಳಿದ ಮಾತನ್ನು ಅವರು ಈ ವಯಸ್ಸಿನಲ್ಲಿ ನಡೆಸಿಕೊಡುತ್ತಿದ್ದರು. ತಾವು ಹುಟ್ಟಿದ ಮನೆಯ ನಡುಮನೆಯಲ್ಲಿ ದೊಡ್ಡತ್ತೆ ನೆಂಟರಾಗಿ ಮಲಗಿದ್ದರು.

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಒಳಗೆ ಸಿಪ್ಪೆ ಹಿತುಕಿ ತೆಗೆಯಲು ನೆನೆಹಾಕಿದ್ದ ಅವರೆಕಾಳಿತ್ತು. ಪಾತ್ರೆಯನ್ನು ಮೊರದ ಸಮೇತ ತಂದು ಮಂಚದ ಮೇಲೆ ಅವರ ಪಕ್ಕಕ್ಕೆ ಕುಕ್ಕಿದೆ.

"ಋಣ ತೀರಿಸೋರು ಇದನ್ನ ಹಿತುಕಿ. ಮಹಾರಾಣಿ ಹಂಗೆ ಒರಗಿದ್ರೆ ಕಾಳಿನ ಸಿಪ್ಪೆ ಹೆದರ್ಕೊಂಡು ತಾನೇ ಬಿಟ್ಕತದಾ? ನಮ್ಮನೇಲಿ ಬೆಕ್ಕಿಗೂ ಪುಕ್ಸಟ್ಟೆ ಅನ್ನ ಇಲ್ಲ, ಅದು ಇಲಿ ಹಿಡೀತದೆ."

ನನ್ನ ಜೀವಮಾನದಲ್ಲಿ ನಾನಾಡಿದ ಮೊದಲ ಕೊಂಕು ಮಾತು. ಬಾಗಿಲಲ್ಲಿ ಕಾಫಿ ಕುಡಿಯುತ್ತಿದ್ದ ನಮ್ಮ ಯಜಮಾನರ ಲೋಟ ಬಾಯಿಯ ಹತ್ತಿರವೇ ನಿಂತಿತು.

ದೊಡ್ಡತ್ತೆ ನನ್ನನ್ನು ನೋಡಿದರು, ಗೋಡಂಬಿಯ ದಿನ ನೋಡಿದ ಹಾಗೆ. ಆಮೇಲೆ ಕೈ ಪಾತ್ರೆಗೆ ಇಳಿಯಿತು. ಬೆರಳ ನಡುವೆ ಒಂದು ಕಾಳು ಪುಳಕ್ಕೆಂದು ಸಿಪ್ಪೆ ಬಿಟ್ಟು ಮೊರಕ್ಕೆ ಬಿತ್ತು. ಇನ್ನೊಂದು. ಮತ್ತೊಂದು. ಮೊರದ ತಳ ಮುಚ್ಚಿತು.

"ಇಷ್ಟು ವರ್ಷಕ್ಕೆ ಒಂದು ಮಾತು ಕಲಿತೆ" ಎಂದರು ದೊಡ್ಡತ್ತೆ ತಲೆ ಎತ್ತದೆ. "ಅದ್ರಲ್ಲೂ ಉಪ್ಪಿಲ್ಲ. ಮೊನ್ನೆ ನನ್ನ ಸಾರಿಗೆ ಸುರಿದ್ಯಲ್ಲ, ಅದ್ರಲ್ಲಿ ಒಂದು ಚಿಟಿಕೆ ಇದಕ್ಕೆ ಉಳಿಸ್ಕಬಾರ್ದಿತ್ತಾ ಅಮ್ಮಿ?"

ನಾನು ನಗಬೇಕು ಅಂದುಕೊಂಡೆ. ಆಗಲಿಲ್ಲ. ಸೆರಗಿನಿಂದ ಮುಖ ಮುಚ್ಚಿಕೊಂಡು ಅಲ್ಲೇ ಮಂಚದ ಪಕ್ಕದಲ್ಲಿ ಕೂತುಬಿಟ್ಟೆ. ಅವರೆಯ ಸೊಗಡು ಹತ್ತಿದ ಒದ್ದೆ ಕೈಯೊಂದು ಬಂದು ನನ್ನ ತಲೆಯ ಮೇಲೆ ಕೂತಿತು.

"ಸೆರಗು ಒದ್ದೆ ಮಾಡ್ಕಬೇಡ ಕಣಮ್ಮಿ" ಅಂದರು. "ಒಗೆಯಕ್ಕೆ ನಲ್ಲೀಲಿ ನೀರಿಲ್ಲ."

ಹಿತ್ತಿಲಲ್ಲಿ ನಾನು ತಿರುಗಿಸಿ ಮರೆತು ಬಂದ ನಲ್ಲಿಯಿಂದ ನೀರು ಬಿಂದಿಗೆ ತುಂಬಿ, ಕಲ್ಲಿನ ಮೇಲೆ ಹರಿದು, ಹಸುವಿನ ಗೊಂತಿನವರೆಗೂ ಹೋಗುತ್ತಿದ್ದುದು ನಮ್ಮಿಬ್ಬರಿಗೂ ಕೇಳಿಸುತ್ತಿತ್ತು.