ನಾಳೆಯಪ್ಪನ ಇವತ್ತು

ಒಂದಾನೊಂದು ಊರಲ್ಲಿ ಒಬ್ಬ ರಾಜನಿದ್ದ ಎಂದು ಶುರು ಮಾಡಬಹುದಿತ್ತು. ಆದರೆ ಈ ಊರಲ್ಲಿ ರಾಜನಿಗೆ ಕೆಲಸವಿರಲಿಲ್ಲ, ದರ್ಜಿಗಿತ್ತು. ಆದ್ದರಿಂದ ಒಂದಾನೊಂದು ಊರಲ್ಲಿ ಒಬ್ಬ ದರ್ಜಿಯಿದ್ದ. ಅವನು ಹೊಲಿದ ಕೋಟು ತೊಟ್ಟರೆ ಕುಳ್ಳನೂ ಎರಡಂಗುಲ ಬೆಳೆದವನ ಹಾಗೆ ಕಾಣುತ್ತಿದ್ದ. ತೊಡುವ ಭಾಗ್ಯ ಮಾತ್ರ ಯಾರಿಗೂ ಸುಲಭಕ್ಕೆ ಸಿಗುತ್ತಿರಲಿಲ್ಲ. ಯಾರು ಯಾವತ್ತು ಬಂದು ಕೇಳಿದರೂ, ತುಟಿಯಲ್ಲಿ ಕಚ್ಚಿಕೊಂಡ ಗುಂಡುಪಿನ್ನುಗಳ ಸಂದಿಯಿಂದ ಅವನು ಒಂದೇ ಮಾತು ಹೇಳುತ್ತಿದ್ದ: "ನಾಳೆ." ಬೀದಿಯವರು ಅವನಿಗೆ ನಾಳೆಯಪ್ಪ ಎಂದು ಹೆಸರಿಟ್ಟು ಎಷ್ಟು ಕಾಲವಾಗಿತ್ತೆಂದರೆ, ಸಿಟ್ಟು ಬಂದಾಗ ಹೆತ್ತಮ್ಮನೂ ಹಾಗೇ ಕರೆಯುತ್ತಿದ್ದಳು.

ಗಿರಾಕಿಗಳ ಪಾಲಿಗೆ ನಾಳೆಯಾದರೆ, ಮನೆಯ ಸಾಮಾನುಗಳ ಪಾಲಿಗೆ ಅವನು ಯಾವಾಗಲೂ ಇವತ್ತೇ. ಕತ್ತರಿಸಿ ಉಳಿದ ತುಂಡುಬಟ್ಟೆ ಕಂಡರೆ ಅವನ ಕೈ ಸುಮ್ಮನಿರುತ್ತಿರಲಿಲ್ಲ. ಫ್ರಿಜ್ಜಿನ ಹಿಡಿಗೆ ಕುಲಾವಿ, ಮಿಕ್ಸಿಗೆ ಮೇಲಂಗಿ, ಕುರ್ಚಿಯ ನಾಲ್ಕೂ ಕಾಲಿಗೆ ಕಾಲುಚೀಲ. ಐದು ವರ್ಷದ ಹಿಂದೆ ಅಕ್ಕ ಬೇರೆ ಊರಿಗೆ ಹೋಗುವಾಗ ಕೊಟ್ಟುಹೋದ ಟಿವಿಯ ಬೆನ್ನಿಗೆ ನೀಲಿ ಗವಸು. ಅದರ ರಿಮೋಟಿಗೆ ಅದೇ ನೀಲಿಯ ಅಂಗಿ, ಮೈಗೆ ಅಂಟಿದ ಹಾಗೆ. ಅದಕ್ಕೆ ಐದು ಕಾಜಾ: ಟಿವಿ ಹಾಕಿ ಆರಿಸಲು ಒಂದು, ಸದ್ದಿಗೆ ಎರಡು, ಚಾನೆಲ್ಲಿಗೆ ಎರಡು. ಆ ಕಾಜಾಗಳ ಅಂದ ನೋಡಿದರೆ ಟಿವಿ ನೋಡುವುದೇ ಬೇಡವೆನಿಸುತ್ತಿತ್ತು.

ಇಂಥವನ ತಾಯಿಯ ಹತ್ತಿರ ಒಂದು ಕತೆಯಿತ್ತು. ಅವಳಿಗೆ ಹದಿಮೂರು ವರ್ಷವಿದ್ದಾಗ ಅವರ ಬೀದಿಗೆ ಸಿನಿಮಾದವರು ಬಂದಿದ್ದರಂತೆ. ನಾಯಕಿ ಕೊಳಾಯಿಯ ಹತ್ತಿರ ನಿಂತು ಅಳುವಾಗ ಹಿಂದಿನಿಂದ ಬಕೆಟ್ ಹಿಡಿದು ದಾಟಿಹೋಗುವ ಹುಡುಗಿ ತಾನೇ ಅಂತೆ. ಮೊದಮೊದಲು ಕತೆ ಇಷ್ಟೇ ಇತ್ತು. ವರ್ಷ ಕಳೆದಂತೆ ನಾಯಕಿ ಅಳು ನಿಲ್ಲಿಸಿ ಇವಳ ಕಡೆ ತಿರುಗಿ ನೋಡತೊಡಗಿದಳು. ಇನ್ನಷ್ಟು ವರ್ಷಕ್ಕೆ ನಿರ್ದೇಶಕನೇ ಎದ್ದು ಬಂದು, "ಈ ಮಗು ಮುಖದಲ್ಲಿ ಏನೋ ಇದೆ" ಎಂದುಬಿಟ್ಟ.

ಬಂಧುಬಳಗವೆಲ್ಲ ನಂಬಿತ್ತು. ನಂಬದವಳು ಒಬ್ಬಳೇ, ತಾಯಿಯ ಬೆನ್ನಿಗೆ ಹುಟ್ಟಿದ ತಂಗಿ, ನಾಳೆಯಪ್ಪನ ಚಿಕ್ಕಮ್ಮ.

"ಅಕ್ಕ, ನೀನು ಹೋಗಿದ್ದಿದ್ರೆ ನಾನು ಮನೇಲಿ ಕೂತಿರ್ತಿದ್ನಾ? ಐದು ವರ್ಷದವಳು, ನಿನ್ನ ಬಾಲ ಆಗಿದ್ದೆ."

"ಬಾಲ ಅಂತಾನೇ ರೂಮಲ್ಲಿ ಹಾಕಿ ಚಿಲಕ ಜಡಿದು ಹೋಗಿದ್ದೆ ಕಣೇ!"

ಈ ಜಗಳಕ್ಕೆ ಐವತ್ತು ವರ್ಷವಾಗಿತ್ತು. ನಾಲ್ಕು ತಿಂಗಳ ಹಿಂದೆ ಮೇಲಿನ ಮನೆಯ ನರ್ಸಮ್ಮ, ಆ ಸಿನಿಮಾವನ್ನು ತೊಳೆದು ಒರೆಸಿ ಹೊಸದಾಗಿ ಆ್ಯಪ್ ಒಂದಕ್ಕೆ ಹಾಕಿದ್ದಾರೆ, ಪುಕ್ಕಟೆ ನೋಡಬಹುದು ಎಂದು ಪತ್ತೆ ಮಾಡಿದಳು. ಚಿಕ್ಕಮ್ಮ ಫೋನಿನಲ್ಲೇ ಷರತ್ತು ಹಾಕಿದಳು: "ಬೆಂಕಿಪೊಟ್ಟಣದಷ್ಟು ಫೋನಲ್ಲಿ ತೋರಿಸಿದ್ರೆ ಒಪ್ಪಲ್ಲ. ಅದರಲ್ಲಿ ಯಾರು ಬೇಕಾದ್ರೂ ಯಾರ ಥರ ಬೇಕಾದ್ರೂ ಕಾಣ್ತಾರೆ. ಟಿವಿಯಲ್ಲಿ, ನನ್ನ ಕಣ್ಮುಂದೆ ತೋರಿಸು. ತಲೆಬಾಗ್ತೀನಿ."

ತಾಯಿ ಮಗನಿಗೆ, "ಟಿವಿಗೆ ಅದು ಬರೋ ಹಾಗೆ ಏನೋ ತರ್ತಾರಂತಲ್ಲ, ತಂದುಕೊಡೋ" ಎಂದಳು. ಮಗ, "ನಾಳೆ ತರ್ತೀನಮ್ಮ" ಎಂದ.

ಹಾಗೆ ನೂರಿಪ್ಪತ್ತು ನಾಳೆಗಳು ಕಳೆದ ಮೇಲೆ, ಒಂದು ಬೆಳಿಗ್ಗೆ ಚಿಕ್ಕಮ್ಮನ ಫೋನು ಬಂತು. ಮಗಳ ಮನೆಗೆ ಹೊರಟಿದ್ದಾಳೆ, ಮೂರು ಗಂಟೆಗೆ ಇಲ್ಲಿ ಬಸ್ಸು ಇಳಿದು ಆರಕ್ಕೆ ಇನ್ನೊಂದು ಹತ್ತುತ್ತಾಳೆ, ನಡುವೆ ಮನೆಗೆ ಬರುತ್ತಾಳೆ. ಇನ್ನು ಮೂರು ವರ್ಷ ಈ ಕಡೆ ತಲೆ ಹಾಕುವುದಿಲ್ಲ.

ತಾಯಿ ಫೋನಿಟ್ಟು ಸಮಾಧಾನವಾಗಿ ಹೇಳಿದಳು: "ಇವತ್ತು ಅವಳ ಮುಂದೆ ನನ್ನ ಸುಳ್ಳುಬುರುಕಿ ಮಾಡಿದ್ಯೋ, ನಾನು ನಿನ್ನ ಹತ್ರ ಮಾತಾಡೋದು ನಾಳೆ."

"ನಾಳೇನಾ? ಅಷ್ಟೇ ತಾನೇ?"

"ನಿನ್ನ ನಾಳೆ."

ಆ ಲೆಕ್ಕದ ನಾಳೆ ಎಷ್ಟು ದೂರವಿದೆಯೆಂದು ನಾಳೆಯಪ್ಪನಿಗಿಂತ ಚೆನ್ನಾಗಿ ಬಲ್ಲವರು ಯಾರು? ಅಳತೆಪಟ್ಟಿ ಕೊರಳಲ್ಲಿ, ಆರ್ಡರ್ ಪುಸ್ತಕ ಕಂಕುಳಲ್ಲಿ ಇಟ್ಟುಕೊಂಡು ಮೆಟ್ಟಿಲಿಳಿದ.

ಮೆಟ್ಟಿಲಲ್ಲೇ ನರ್ಸಮ್ಮನೂ ಕೆಳಮನೆಯ ನಿವೃತ್ತ ಮೇಷ್ಟ್ರೂ ಸಿಕ್ಕರು.

"ಸ್ಟಿಕ್ ತಗೊಳ್ಳಿ" ಎಂದಳು ನರ್ಸಮ್ಮ. "ಬೆರಳುದ್ದ ಇರುತ್ತೆ. ಟಿವಿ ಹಿಂದೆ ಚುಚ್ಚಿದ್ರೆ ಮುಗೀತು."

"ಚುಚ್ಚೋದು ಬಿಟ್ರೆ ನಿಂಗೇನಮ್ಮಾ ಗೊತ್ತು?" ಎಂದರು ಮೇಷ್ಟ್ರು. "ಬಾಕ್ಸ್ ತಗೊಳ್ಳಯ್ಯ. ಪೆಟ್ಟಿಗೆ ಅಂದ್ರೆ ಪೆಟ್ಟಿಗೆ. ಒಳಗೆ ಏನೋ ಇದೆ ಅಂತ ಧೈರ್ಯ ಇರುತ್ತೆ."

"ನಿಮ್ಮ ಮನೇಲಿ ಇರೋ ಬಾಕ್ಸ್ ಕೆಲಸ ಮಾಡುತ್ತಾ ಮೇಷ್ಟ್ರೇ?"

"ಮಾಡಲ್ಲ. ಆದ್ರೆ ಗಟ್ಟಿಯಾಗಿದೆ."

ಇಂಟರ್ನೆಟ್ಟು ಎಲ್ಲಿಂದ ತರುವುದೆಂದು ನಾಳೆಯಪ್ಪ ತಲೆ ಕೆರೆದುಕೊಂಡ. ನರ್ಸಮ್ಮ ಡ್ಯೂಟಿಗೆ ಓಡುತ್ತಲೇ ಹೇಳಿದಳು: "ನನ್ನ ವೈಫೈಯೇ ಹಾಕ್ಕೊಳ್ಳಿ ಅಣ್ಣಾ. ಪಾಸ್‌ವರ್ಡ್ ನಿಮಗೇ ಗೊತ್ತಿರುತ್ತೆ. ನನ್ನ ಯೂನಿಫಾರ್ಮ್ ಕೊಡ್ತೀನಿ ಅಂದ್ರಲ್ಲ, ಆ ತಾರೀಖು. ಮರೀಬಾರದು ಅಂತ ಅದನ್ನೇ ಇಟ್ಟಿದೀನಿ."

ಅಜ್ಜಿಕತೆಯ ರಾಜಕುಮಾರ ಏಳು ಸಮುದ್ರ ದಾಟಿ ರಾಕ್ಷಸನ ಬಾಗಿಲಿಗೆ ಹೋಗುತ್ತಾನೆ. ನಾಳೆಯಪ್ಪ ಮೂರು ಬೀದಿ ದಾಟಿ ಟಿವಿ ಅಂಗಡಿಗೆ ಹೋದ. ರಾಜಕುಮಾರನಿಗೆ ಒಂದು ಅನುಕೂಲವಿತ್ತು: ರಾಕ್ಷಸನ ಕೋಟು ಅವನ ಹತ್ತಿರ ಬಾಕಿಯಿರಲಿಲ್ಲ.

"ಓಹೋ!" ಎಂದ ಅಂಗಡಿ ಸಾಹುಕಾರ, ಕುರ್ಚಿಯಲ್ಲಿ ಹಿಂದಕ್ಕೊರಗಿ. "ಏನು ಬೇಕು ನಾಳೆಯಪ್ಪನವರಿಗೆ?"

"ಸ್ಟಿಕ್ಕೋ ಬಾಕ್ಸೋ ಏನೋ ಒಂದು. ಅರ್ಜೆಂಟು ಸಾಹುಕಾರ್ರೇ."

"ಇದೆಯಲ್ಲ, ಎರಡೂ ಇದೆ." ಸಾಹುಕಾರ ತನ್ನ ಹಿಂದಿನ ಕಪಾಟನ್ನು ಪ್ರೀತಿಯಿಂದ ಸವರಿದ. "ನಾಳೆ ಕೊಡ್ತೀನಿ."

ನಾಳೆಯಪ್ಪ ಕಣ್ಣುಕಣ್ಣು ಬಿಟ್ಟ. ಈ ಮಾತನ್ನು ಅವನು ಸಾವಿರ ಸಲ ಆಡಿದ್ದ. ಕೇಳಿಸಿಕೊಂಡದ್ದು ಇದೇ ಮೊದಲು. ಕಿವಿಗೆ ಅಷ್ಟೊಂದು ಹಿತವಾಗಿರಲಿಲ್ಲ.

"ನನ್ನ ಕೋಟಿಗೆ ಒಂದು ತೋಳು ಬಂದು ಎಂಟು ತಿಂಗಳಾಯ್ತು" ಎಂದ ಸಾಹುಕಾರ. "ಇನ್ನೊಂದು ತೋಳು ಬರಲಿ, ನಿನ್ನ ಸ್ಟಿಕ್ಕೂ ಬರುತ್ತೆ."

ಮುಂದಿನ ಒಂದೂವರೆ ಗಂಟೆಯಲ್ಲಿ ಆ ಬೀದಿ ಹಿಂದೆಂದೂ ಕಾಣದ ದೃಶ್ಯ ಕಂಡಿತು. ದರ್ಜಿ ಅಂಗಡಿಯಲ್ಲಿ ಹೊಲಿಗೆಯಂತ್ರ ರೈಲಿನಂತೆ ಓಡುತ್ತಿತ್ತು. ದಾರಿಹೋಕರು ನಿಂತು, ಅಂಗಡಿ ಬೇರೆಯವರ ಕೈಗೆ ಹೋಯಿತೇ ಎಂದು ವಿಚಾರಿಸಿದರು. ಎಂಟು ತಿಂಗಳು ಕಾದ ತೋಳು ಹೆಗಲಿಗೆ ಅಂಟಿತು. ಅಂಟಿದ್ದು ಸ್ವಲ್ಪ ಮುಂದಾಗಿ. ಕೋಟು ತೊಟ್ಟ ಸಾಹುಕಾರ ಸದಾ ಯಾರದೋ ಕೈ ಕುಲುಕಲು ಹೊರಟವನಂತೆ ಕಂಡ. ಪುಣ್ಯಕ್ಕೆ ಅಂಗಡಿಯಲ್ಲಿ ಕನ್ನಡಿಯಿರಲಿಲ್ಲ.

"ಈಗ ಆರಿಸ್ಕೋ" ಎಂದು ಸಾಹುಕಾರ ಗಾಜಿನ ಮೇಲೆ ಆರು ಬಗೆ ಹರಡಿದ. ಒಂದು ಮಾತಾಡಿದರೆ ಕೇಳುತ್ತದಂತೆ, ಇನ್ನೊಂದು ಕೇಳದಿದ್ದರೂ ಮಾತಾಡುತ್ತದಂತೆ. ನಾಳೆಯಪ್ಪನಿಗೆ ಗೊತ್ತಿದ್ದ ವಿದ್ಯೆ ಒಂದೇ. ಕೊರಳ ಪಟ್ಟಿ ತೆಗೆದು ಒಂದೊಂದನ್ನೂ ಅಳೆದ. ಮೂರೂಕಾಲು ಅಂಗುಲದ ಸ್ಟಿಕ್ಕು ಟಿವಿಯ ಗವಸಿನೊಳಗೆ ಸರಿಯಾಗಿ ಕೂರುತ್ತದೆ, ಹೊಲಿಗೆ ಬಿಚ್ಚಬೇಕಿಲ್ಲ ಎಂದು ತೀರ್ಮಾನಿಸಿದ.

ಸಾಹುಕಾರನಿಗೆ ಮನಸ್ಸಾಕ್ಷಿ ಒಂಚೂರು ಉಳಿದಿತ್ತು. "ನೋಡಯ್ಯ, ಈಗಿನ ಟಿವಿಗಳಲ್ಲಿ ಇದೆಲ್ಲ ಒಳಗೇ ಇರುತ್ತೆ. ನಿನ್ನದು ಯಾವ ಥರದ್ದು?"

"ಅಕ್ಕ ಕೊಟ್ಟಿದ್ದು."

"ಅಕ್ಕ ಕೊಟ್ರೆ ಅದೊಂದು ಥರಾನಾ? ರಿಮೋಟಲ್ಲಿ ಎಷ್ಟು ಬಟನ್ ಇದೆ ಹೇಳು."

ನಾಳೆಯಪ್ಪ ಕಣ್ಮುಚ್ಚಿ ನೆನೆದ. "ಐದು."

"ಐದಾ?" ಸಾಹುಕಾರ ಕನಿಕರದಿಂದ ಲೊಚಗುಟ್ಟಿದ. "ಹಾಗಾದ್ರೆ ನಿಮ್ಮಜ್ಜನ ಕಾಲದ್ದು. ಸ್ಟಿಕ್ ತಗೊಂಡು ಹೋಗು."

ಮನೆಗೆ ಬಂದಾಗ ಮೂರೂವರೆ. ಚಿಕ್ಕಮ್ಮ ಆಗಲೇ ಟಿವಿಯ ಎದುರು, ನ್ಯಾಯ ಹೇಳಲು ಬಂದವಳಂತೆ ಕೂತಿದ್ದಳು. ಮೇಷ್ಟ್ರು ಕರೆಯದೆಯೇ ಬಂದು ಪಕ್ಕದ ಕುರ್ಚಿ ಹಿಡಿದಿದ್ದರು. ತಾಯಿ ಒಳ್ಳೆಯ ಬಟ್ಟೆ ಉಟ್ಟು ತಲೆ ಬಾಚಿಕೊಂಡಿದ್ದಳು, ಸಿನಿಮಾ ಮಂದಿ ಮತ್ತೆ ಬರುತ್ತಾರೇನೋ ಎಂಬಂತೆ.

ನಾಳೆಯಪ್ಪ ಗವಸಿನೊಳಗೆ ಕೈ ತೂರಿಸಿ ತಡಕಾಡಿ ಸ್ಟಿಕ್ಕನ್ನು ಚುಚ್ಚಿದ. ಟಿವಿ ಹಾಕಿದ. ಯಾರೋ ಸೋಪು ಮಾರುತ್ತಿದ್ದರು. ಚಾನೆಲ್ ಒತ್ತಿದ, ಯಾರೋ ಎಣ್ಣೆ ಮಾರುತ್ತಿದ್ದರು. ಸ್ಟಿಕ್ಕಿನ ಜೊತೆ ಬಂದ ಪುಟ್ಟ ರಿಮೋಟನ್ನು ಒತ್ತಿದ. ಎಣ್ಣೆ ಹಾಗೇ ಸುರಿಯುತ್ತಿತ್ತು.

"ಬಾಕ್ಸ್ ತಗೋ ಅಂದೆ" ಎಂದರು ಮೇಷ್ಟ್ರು.

ಕಿತ್ತು ಮತ್ತೆ ಚುಚ್ಚಿದ. ಊದಿ ಚುಚ್ಚಿದ. ಮೇಷ್ಟ್ರು ಸ್ಟಿಕ್ಕಿನ ಕಾಗದ ಬಿಡಿಸಿ ಓದಿದರು: "'ಟಿವಿ ರಿಮೋಟಿನಲ್ಲಿ ಇನ್‌ಪುಟ್ ಬಟನ್ ಒತ್ತಿ.' ಎಲ್ಲಯ್ಯ ಅದು?"

"ನಮ್ಮದರಲ್ಲಿ ಆ ಬಟನ್ ಇಲ್ಲ ಮೇಷ್ಟ್ರೇ."

"ಇಲ್ಲದೆ ಹೇಗಿರುತ್ತೆ?"

"ನಾನೇ ಐದು ವರ್ಷದಿಂದ ನೋಡ್ತಿಲ್ವಾ? ಇರೋದೇ ಐದು."

ನಾಲ್ಕೂವರೆಯಾಯಿತು. ಸ್ಟಿಕ್ಕನ್ನು ಮತ್ತೆ ಕಿತ್ತು ಕೈಯಲ್ಲೇ ಹಿಡಿದು ಕೂತ. ಸಾಹುಕಾರನಿಗೆ ಫೋನು ಮಾಡಿದರೆ, ಆಸಾಮಿ ಅಷ್ಟರಲ್ಲಿ ಕನ್ನಡಿ ನೋಡಿಕೊಂಡಿದ್ದ. ಅವನಾಡಿದ ಮಾತಿನಿಂದ ಸ್ಟಿಕ್ಕಿಗೆ ಪ್ರಯೋಜನವಾಗಲಿಲ್ಲ. ತಾಯಿ ಮಗನನ್ನು ನೋಡುವುದನ್ನು ನಿಲ್ಲಿಸಿ ಗೋಡೆ ನೋಡತೊಡಗಿದ್ದಳು.

"ಹೋಗ್ಲಿ ಬಿಡಕ್ಕ" ಎಂದಳು ಚಿಕ್ಕಮ್ಮ, ಗೆದ್ದವರ ಔದಾರ್ಯದಲ್ಲಿ. "ಚಿಕ್ಕಂದಿನಲ್ಲಿ ಎಲ್ಲರೂ ಏನೇನೋ ಅಂದ್ಕೊಂಡಿರ್ತೀವಿ. ನಾನೇನೂ ಯಾರಿಗೂ ಹೇಳಲ್ಲ. ಮಗಳ ಮನೇಲಿ ಒಂದೆರಡು ಜನಕ್ಕೆ ಹೇಳಬಹುದು." ಹೇಳುತ್ತಲೇ ಮೇಜಿನ ಮೇಲಿದ್ದ ರಿಮೋಟನ್ನು ಎತ್ತಿಕೊಂಡಳು. ತಿರುವಿ ನೋಡಿದಳು. "ಅಲ್ವೋ, ಇದಕ್ಯಾಕೋ ಅಂಗಿ? ಚಳಿಯಾಗುತ್ತಾ?"

"ಧೂಳು ಕೂರುತ್ತೆ ಚಿಕ್ಕಮ್ಮ. ಅದನ್ನ ಮುಟ್ಟಬೇಡಿ, ಒಂದೇ ಎಳೆ ಹೊಲಿಗೆ—"

ಅಷ್ಟರಲ್ಲಿ ಚಿಕ್ಕಮ್ಮನ ಕೈಗೆ ಅವನದೇ ಕತ್ತರಿ ಸಿಕ್ಕಿತ್ತು. ಕರ್ ಎಂದು ನೀಲಿ ಅಂಗಿ ಸೀಳಿತು. ಒಳಗಿನಿಂದ ರಿಮೋಟು ಬತ್ತಲಾಗಿ ಹೊರಬಂತು. ಐದಲ್ಲ, ಮೇಷ್ಟ್ರು ಎಣಿಸಿದ ಪ್ರಕಾರ ನಲವತ್ತೆರಡು ಬಟನ್ನು. ಕೆಂಪು, ಹಸಿರು, ಹಳದಿ. ನಟ್ಟನಡುವೆ ಪುಟ್ಟ ಮನೆಯ ಚಿತ್ರವಿರುವ ಒಂದು. ಚಿಕ್ಕಮ್ಮ ಅದನ್ನೇ ಒತ್ತಿದಳು. ಎಣ್ಣೆ ಮಾರುವವನು ಮಾಯವಾದ. ಪರದೆಯ ತುಂಬ ಚೌಕಚೌಕವಾಗಿ ಆ್ಯಪ್‌ಗಳು ಬಂದು ಸಾಲಾಗಿ ನಿಂತವು. ಮೂರನೆಯದೇ ಅವರಿಗೆ ಬೇಕಾದದ್ದು.

"ಸ್ಟಿಕ್ಕಲ್ಲ ಇದು" ಎಂದರು ಮೇಷ್ಟ್ರು, ಟಿವಿಯ ಹಿಂದೆ ಬಗ್ಗಿ ನೋಡಿ. "ನಿನ್ನ ಸ್ಟಿಕ್ ಕೈಯಲ್ಲೇ ಇದೆಯಲ್ಲೋ. ಇದು ಟಿವಿಯೊಳಗೇ ಇದೆ. ಐದು ವರ್ಷದಿಂದ ಇದೆ. ನೀನು ಅದಕ್ಕೆ ಬುರ್ಖಾ ಹಾಕಿ ಕೂರಿಸಿದ್ದೆ, ಅಷ್ಟೇ."

"ಸಾಹುಕಾರ್ರು ಸ್ಟಿಕ್ ವಾಪಸ್ ತಗೋತಾರಾ?" ಎಂದ ನಾಳೆಯಪ್ಪ ಸಣ್ಣ ದನಿಯಲ್ಲಿ.

"ತಗೋತಾನೆ. ನಾಳೆ."

ಟಿವಿ ವೈಫೈ ಪಾಸ್‌ವರ್ಡ್ ಕೇಳಿತು. ನಾಳೆಯಪ್ಪ ಆರ್ಡರ್ ಪುಸ್ತಕ ತೆರೆದ. ನರ್ಸಮ್ಮನ ಯೂನಿಫಾರ್ಮಿನ ಎದುರು ಒಂಬತ್ತು ತಾರೀಖುಗಳಿದ್ದವು, ಒಂಬತ್ತಕ್ಕೂ ಅಡ್ಡಗೀಟು. ನರ್ಸಮ್ಮನ ಫೋನು ಡ್ಯೂಟಿಯಲ್ಲಿ ಆಫ್ ಆಗಿತ್ತು. ಅವನು ಮೊದಲನೆಯದನ್ನು ಒತ್ತಿದ. ತಪ್ಪು. ಎರಡನೆಯದು. ತಪ್ಪು.

"ಎಷ್ಟು ಸಲ ಸುಳ್ಳು ಹೇಳಿದೀಯೋ ಆ ಹೆಣ್ಣುಮಗಳಿಗೆ!" ಎಂದಳು ಚಿಕ್ಕಮ್ಮ, ಬೆರಳು ಮಡಚುತ್ತಾ. "ಐದು... ಆರು..."

ಎಂಟನೆಯ ಸುಳ್ಳಿಗೆ ವೈಫೈ ಬಾಗಿಲು ತೆರೆಯಿತು.

ಐದೂಕಾಲು. ಸಿನಿಮಾ ಶುರುವಾಯಿತು. ತಾಯಿ, "ಓಡಿಸೋ, ಓಡಿಸೋ, ಹಾಡಾದ ಮೇಲೆ" ಎಂದಳು. ನಾಯಕ ಓಡಿದ, ಹಾಡು ಓಡಿತು, ಒಂದು ಮದುವೆ ಎರಡೇ ಕ್ಷಣದಲ್ಲಿ ಮುರಿದುಬಿತ್ತು. "ನಿಲ್ಸು! ಇದೇ ಬೀದಿ. ಇದೇ ಕೊಳಾಯಿ."

ನಾಯಕಿ ಕೊಳಾಯಿಯ ಪಕ್ಕ ನಿಂತು ಅಳುತ್ತಿದ್ದಳು. ಅಂಥ ಅಳುವಿನ ಮಧ್ಯೆಯೂ ಯಾರ ಕಡೆಗೂ ತಿರುಗಿ ನೋಡಲಿಲ್ಲ. ಪರದೆಯ ಬಲಗಡೆಯಿಂದ ಒಂದು ಹುಡುಗಿ ಬಂದಳು.

ಐದು ವರ್ಷದವಳು. ಮಂಡಿಯ ತುಂಬ ಧೂಳು, ಚಿಲಕ ಜಡಿದ ರೂಮಿನ ಕಿಟಕಿಯಿಂದ ಧುಮುಕಿ ಬಂದವಳ ಹಾಗೆ. ಅಕ್ಕನ ಹಳೆಯ ಫ್ರಾಕು ಕಾಲ್ಬೆರಳಿನವರೆಗೆ ಇಳಿಬಿದ್ದಿತ್ತು. ಪರದೆಯ ನಟ್ಟನಡುವೆ ನಿಂತು, ಕ್ಯಾಮೆರಾವನ್ನೇ ನೆಟ್ಟಗೆ ನೋಡಿ, ಮೂಗೊರೆಸಿಕೊಂಡು, ಮುಂದಿನೆರಡು ಹಲ್ಲಿಲ್ಲದ ಬಾಯಲ್ಲಿ ನಕ್ಕಳು. ಅವಳ ಬೆನ್ನ ಹಿಂದಿನಿಂದ ಒಂದು ಬಕೆಟ್ಟೂ ಅದನ್ನು ಹಿಡಿದ ಒಂದು ಮೊಣಕೈಯೂ ದಾಟಿಹೋದವು.

"ಅಕ್ಕ..." ಎಂದಳು ಚಿಕ್ಕಮ್ಮ. "ಅದು ನಾನು."

"ಹಿಂದೆ ನೋಡೇ!" ತಾಯಿ ಎದ್ದೇ ನಿಂತಳು. "ಆ ಮೊಣಕೈ! ಆ ಬಕೆಟ್!"

"ಮುಖದಲ್ಲಿ ಏನೋ ಇದೆ" ಎಂದರು ಮೇಷ್ಟ್ರು ಮೆಚ್ಚುಗೆಯಿಂದ, ಹಲ್ಲಿಲ್ಲದ ಹುಡುಗಿಯನ್ನೇ ನೋಡುತ್ತಾ.

ಚಿಕ್ಕಮ್ಮ ಕಣ್ಣೊರೆಸಿಕೊಂಡು, ಕೊಟ್ಟ ಮಾತಿನಂತೆ ಅಕ್ಕನೆದುರು ತಲೆಬಾಗಿದಳು. "ಒಪ್ಕೊಂಡೆ ಅಕ್ಕ. ನೀನೂ ಸಿನಿಮಾದಲ್ಲಿ ಇದ್ದೆ. ನನ್ನ ಹಿಂದೆ." ಆಮೇಲೆ ಕಾಲು ಮೇಲೆತ್ತಿ ಮಡಚಿ ಕೂತು, "ಬಸ್ಸು ಹೋದ್ರೆ ಹೋಗ್ಲಿ, ಒಂದು ವಾರ ಇದ್ದು ಹೋಗ್ತೀನಿ. ಇನ್ನೊಂದ್ಸಲ ಹಾಕೋ" ಎಂದಳು.

ಕೊನೆಗೂ ಇವತ್ತು ಆಗಬೇಕಾದ ಕೆಲಸ ಇವತ್ತೇ ಮುಗಿದಿತ್ತು, ಜೀವಮಾನದಲ್ಲಿ ಮೊದಲ ಸಲ. ನಾಳೆಯಪ್ಪ ಬೆವರೊರೆಸಿಕೊಂಡು ತಾಯಿಯ ಕಡೆ ತಿರುಗಿದ.

"ಅಮ್ಮ, ತೋರಿಸಿದ್ನಲ್ಲ?"

ತಾಯಿ ಸೀಳಿದ ನೀಲಿ ಅಂಗಿಯನ್ನು ಎತ್ತಿ ಅವನ ಕೈಗಿಟ್ಟಳು.

"ಮೊದಲು ಇದನ್ನ ಹೊಲಿ" ಎಂದಳು. "ಮಾತು ನಾಳೆ."