ಲೈವ್ ವೈರ್ ಸೊಸೆ

ಇಂಗ್ಲಿಷಿನಲ್ಲಿ ಯಾರಾದರೂ ಹೊಗಳಿದರೆ ಈ ವಯಸ್ಸಿನಲ್ಲೂ ನನಗೆ ಎದೆ ಧಸಕ್ಕೆನ್ನುತ್ತದೆ. ಬೈದರೆ ಅಡ್ಡಿಯಿಲ್ಲ, ಬೈಗುಳ ಯಾವ ಭಾಷೆಯದಾದರೂ ತಕ್ಷಣ ಅರ್ಥವಾಗುತ್ತದೆ. ಕಾನ್ವೆಂಟಿನಲ್ಲಿ ಓದಿದವಳು ಹೀಗೆನ್ನಬಾರದು, ಬಟ್ ಐ ಹ್ಯಾವ್ ಮೈ ರೀಸನ್ಸ್.

ಐವತ್ತರ ದಶಕದಲ್ಲಿ ನಾನು ಮದುವೆಯಾಗಿ ರಾಜಾಜಿನಗರಕ್ಕೆ ಬಂದಾಗ ಅಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಕರೆಂಟು ಆಗಷ್ಟೇ ಬಂದಿತ್ತು. ನಮ್ಮತ್ತೆ ಬೆರಳಿಗೆ ಸೆರಗು ಸುತ್ತಿಕೊಂಡು ಸ್ವಿಚ್ಚು ಒತ್ತಿ, ದೀಪಕ್ಕೆ ದೂರದಿಂದಲೇ ಕೈಮುಗಿಯುತ್ತಿದ್ದರು. ಅಷ್ಟರಲ್ಲಿ ಕುರುಬರಹಳ್ಳಿ ಕಡೆ ತಂತಿ ಹರಿದು ಬಿದ್ದು ಒಂದು ಎಮ್ಮೆ ಸತ್ತಿತು. ಲೈನಿನವರು "ಲೈವ್ ವೈರು, ಯಾರೂ ಮುಟ್ಬೇಡಿ!" ಎಂದು ಕೂಗಿದ್ದನ್ನು ಅತ್ತೆ ಕಿವಿಯಾರೆ ಕೇಳಿ ಬಂದಿದ್ದರು. ಅವರಿಗೆ ಬರುತ್ತಿದ್ದ ಇಂಗ್ಲಿಷ್ ಅಷ್ಟೇ.

ಅಂಥ ಹೊತ್ತಿನಲ್ಲಿ ನಮ್ಮ ಶಾಲೆಯ ಸಿಸ್ಟರ್ ನನ್ನನ್ನು ನೋಡಲು ಬಂದರು. ಅತ್ತೆಯ ಮುಂದೆ ನನ್ನ ಕೆನ್ನೆ ತಟ್ಟಿ, "ಶೀ ಈಸ್ ಎ ಲೈವ್ ವೈರ್!" ಎಂದರು. ಲವಲವಿಕೆಯ ಹುಡುಗಿ ಎಂಬ ಮೆಚ್ಚುಗೆ. ನಾನು ನಾಚಿ ಥ್ಯಾಂಕ್ ಯೂ ಅಂದೆ. ಅತ್ತೆ ಬಿಳುಚಿಕೊಂಡದ್ದನ್ನು ನೋಡಲಿಲ್ಲ.

ಮರುದಿನದಿಂದ ಅತ್ತೆ ನನ್ನ ಕೈಯಿಂದ ಕಾಫಿ ಲೋಟ ತೆಗೆದುಕೊಳ್ಳುವುದನ್ನೇ ಬಿಟ್ಟರು. "ಅಲ್ಲೇ ಇಡಮ್ಮ, ಆರ್ಲಿ" ಅನ್ನುವರು. ಒದ್ದೆ ಕೈಯಲ್ಲಂತೂ ನನ್ನ ಹತ್ತಿರ ಸುಳಿಯುತ್ತಿರಲಿಲ್ಲ. ಏನು ತಪ್ಪು ಮಾಡಿದೆನೋ ಎಂದು ನನಗೆ ಅನ್ನ ಸೇರದಾಯಿತು. ಒಂದು ಸಂಜೆ ಅವರು ಮಗನಿಗೆ ಹೇಳುವುದು ಕೇಳಿಸಿತು: "ಅವರಪ್ಪಂಗೆ ಹೇಳ್ಕಳ್ಸೋ. ಹುಡುಗೀನ ಸ್ವಲ್ಪ ದಿನ ಕರ್ಕೊಂಡೋಗ್ಲಿ."

ತವರಿಗೆ ಹೋದ ಮೇಲೆ ವಾಪಸು ಕರೆಸಿಕೊಳ್ಳದಿದ್ದರೆ? ಅಳುತ್ತಾ ಹೋಗಿ ಕಾಲು ಹಿಡಿಯಲು ಬಗ್ಗಿದೆ. ಅತ್ತೆ ಚಂಗನೆ ಮರದ ಮಣೆ ಹತ್ತಿ ನಿಂತರು.

"ಮುಟ್ಬೇಡ ಕಣೇ ತಾಯಿ! ನಿನ್ ಮೈಯಲ್ಲಿ ಕರೆಂಟಿದೆ ಅಂತ ಆ ಸಿಸ್ಟರಮ್ಮಾನೇ ಹೇಳ್ಬಿಟ್ಟಿದಾರೆ. ನನ್ ಮಗ ಇನ್ನೂ ಹೆಂಗ್ ಉಳ್ಕೊಂಡಿದಾನೋ!"

ನನ್ನವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಯ್ಯೋ ಅಮ್ಮಾ, ಹಂಗಂದ್ರೆ ಇವಳು ಬಲೇ ಚುರುಕು, ಎಷ್ಟ್ ಕೆಲಸ ಮಾಡಿದ್ರೂ ದಣಿಯೋದಿಲ್ಲ ಅಂತ. ಎನರ್ಜಿ ಕಣಮ್ಮ, ಎನರ್ಜಿ!"

ಅತ್ತೆ ಮಣೆಯಿಂದ ಇಳಿದು, ಒಂದೇ ಬೆರಳಿನಿಂದ ನನ್ನ ಭುಜ ಮುಟ್ಟಿ ನೋಡಿದರು. ಏನೂ ಆಗಲಿಲ್ಲ. ಕೈಹಿಡಿದು ಎಬ್ಬಿಸಿದರು. ಓಹ್, ವಾಟ್ ಎ ರಿಲೀಫ್! ಆ ನೆಮ್ಮದಿ ಹಿತ್ತಿಲ ಬಾಗಿಲವರೆಗೆ ಇತ್ತು. ಹಿಡಿದ ಕೈಯನ್ನು ಬಿಡದೆ ಅವರು ನನ್ನನ್ನು ಒರಳುಕಲ್ಲಿನ ಮುಂದೆ ಕೂರಿಸಿ, "ದಣಿಯೋದಿಲ್ವಂತಲ್ಲ, ರುಬ್ಬಮ್ಮ" ಅಂದರು. ರುಬ್ಬುತ್ತಾ ರುಬ್ಬುತ್ತಾ ನನಗನ್ನಿಸಿತು: ಶಾಕ್ ಹೊಡೆಯುವ ಸೊಸೆಯಾಗಿಯೇ ಇನ್ನಷ್ಟು ದಿನ ಇರಬಹುದಿತ್ತು.